ಅಗೆಯದೆ ದೊರೆಯುವ ನಿಧಿ

(ಶತಮಾನೋತ್ಸವದ ಅಂಗವಾಗಿ ನಡೆದ ಪೋಷಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಉಪನ್ಯಾಸ)



ನೂರು ವರ್ಷ ತುಂಬಿದ ಸಂಸ್ಥೆಯೊಂದರ ಸಭೆಯಲ್ಲಿ ಹಿಂದಿನದನ್ನು ನೆನೆಯುವುದು ಸಹಜ. ಆ ಕೆಲಸವನ್ನು ನನಗಿಂತ ಹಿರಿಯರು ಈಗಾಗಲೇ ಸೊಗಸಾಗಿ ನೆರವೇರಿಸಿದ್ದಾರೆ. ನನಗೆ ಒಪ್ಪಿಸಿದ ವಿಷಯ ‘ಮಕ್ಕಳ ಬಿಡುವು ಮತ್ತು ಹವ್ಯಾಸ’. ಪೋಷಕರ ಸಭೆ ಸೇರಿದಾಗಲೆಲ್ಲ ನಾನು ಕೇಳುವ ದೂರು ಒಂದೇ: ರಜೆ ಬಂದರೆ ಮಗು ಮನೆಯಿಂದ ಹೊರಗೆ ಕಾಲಿಡುವುದಿಲ್ಲ, ಮೊಬೈಲ್ ಕೈಯಿಂದ ಇಳಿಯುವುದಿಲ್ಲ ಎಂದು. ಮೊಬೈಲನ್ನು ಕಸಿದುಕೊಳ್ಳಿರೆಂದು ಉಪದೇಶಿಸಲು ನಾನು ಬಂದಿಲ್ಲ. ಅದೇ ಮೊಬೈಲನ್ನು ಹಿಡಿದು ಮಗುವನ್ನು ಹೊಲ, ಕೆರೆ, ದಿಣ್ಣೆಗಳ ಕಡೆಗೆ ನಡೆಸುವ ಒಂದು ಹವ್ಯಾಸವನ್ನು ತಮ್ಮ ಮುಂದಿಡಲು ಬಂದಿದ್ದೇನೆ. ಅದರ ಹೆಸರು ಜಿಯೋಕ್ಯಾಶಿಂಗ್.

ಹೆಸರಿನಲ್ಲಿರುವ ‘ಕ್ಯಾಶ್’ ಹಣವಲ್ಲ. ಫ್ರೆಂಚ್ ಮೂಲದ ಆ ಶಬ್ದಕ್ಕೆ ಬಚ್ಚಿಟ್ಟ ವಸ್ತು ಎಂದು ಅರ್ಥ. ‘ಜಿಯೋ’ ಎಂದರೆ ಭೂಮಿ. ಒಬ್ಬರು ಒಂದು ಡಬ್ಬದಲ್ಲಿ ಪುಟ್ಟ ಪುಸ್ತಕವೊಂದನ್ನಿಟ್ಟು ಎಲ್ಲಿಯಾದರೂ ಮರೆಯಾಗಿ ಇರಿಸುತ್ತಾರೆ. ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುತ್ತಾರೆ. ಇನ್ನೊಬ್ಬರು ಆ ಅಂಕಿಗಳ ಜಾಡು ಹಿಡಿದು ಹೋಗಿ, ಡಬ್ಬವನ್ನು ಹುಡುಕಿ, ಪುಸ್ತಕದಲ್ಲಿ ಹೆಸರು ಮತ್ತು ದಿನಾಂಕ ಬರೆದು, ಡಬ್ಬವನ್ನು ಇದ್ದಲ್ಲಿಯೇ ಇಟ್ಟು ಬರುತ್ತಾರೆ. ಒಳಗಿರುವ ಆಟಿಕೆಯನ್ನೋ ನಾಣ್ಯವನ್ನೋ ತೆಗೆದುಕೊಂಡರೆ ಅಷ್ಟೇ ಬೆಲೆಯ ಬೇರೊಂದನ್ನು ಇಡಬೇಕು. ಆಟದ ನಿಯಮ ಇಷ್ಟೇ.

ಇದರ ಹುಟ್ಟಿನ ಕಥೆ ಸ್ವಾರಸ್ಯಕರವಾಗಿದೆ. ಉಪಗ್ರಹಗಳಿಂದ ನೆಲೆ ತಿಳಿಯುವ ಜಿಪಿಎಸ್ ವ್ಯವಸ್ಥೆ ಅಮೆರಿಕದ ಸೇನೆಯದು. ಜನಸಾಮಾನ್ಯರಿಗೆ ದೊರೆಯುವ ಸಂಕೇತವನ್ನು ಅವರು ಬೇಕೆಂದೇ ಮಸುಕುಗೊಳಿಸಿದ್ದರು. ನೂರು ಮೀಟರಿನವರೆಗೂ ತಪ್ಪು ತೋರುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಆ ಮಸುಕನ್ನು ತೆಗೆದರು. ಮರುದಿನಗಳಲ್ಲಿಯೇ, ಮೇ 3ರಂದು, ಆರೆಗಾನ್ ರಾಜ್ಯದ ಡೇವ್ ಅಲ್ಮರ್ ಎಂಬವರು ಕಪ್ಪು ಬಕೆಟ್ಟೊಂದನ್ನು ಕಾಡಂಚಿನಲ್ಲಿ ಬಚ್ಚಿಟ್ಟು ಅದರ ನೆಲೆಯನ್ನು ಎಲ್ಲರಿಗೂ ತಿಳಿಸಿದರು. ಕೆಲವೇ ದಿನಗಳಲ್ಲಿ ಮೈಕ್ ಟೀಗ್ ಎಂಬವರು ಅದನ್ನು ಕಂಡುಹಿಡಿದರು. ಇಂದು ಜಗತ್ತಿನಲ್ಲಿ ಇಂತಹ ನೆಲೆಗಳು 30 ಲಕ್ಷಕ್ಕೂ ಹೆಚ್ಚು. ಆದರೆ ಹಂಬಲ ಹಳೆಯದು. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ 1854ರಲ್ಲಿಯೇ ಜೇಮ್ಸ್ ಪೆರಟ್ ಎಂಬ ದಾರಿತೋರುಗ ದುರ್ಗಮವಾದ ಜಾಗದಲ್ಲಿ ಬಾಟಲಿಯೊಂದನ್ನಿಟ್ಟು, ಅಲ್ಲಿಗೆ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕುವ ಪದ್ಧತಿಯನ್ನು ಆರಂಭಿಸಿದ್ದ.

ನಮ್ಮ ದೇಶದಲ್ಲಿ ಈ ಹವ್ಯಾಸ ಇನ್ನೂ ವಿರಳ. ಆದರೆ ನೆಲವನ್ನು ಅಳೆಯುವ ಸಾಹಸಕ್ಕೂ ನಮ್ಮ ಸೀಮೆಗೂ ಹಳೆಯ ನಂಟಿದೆ. ಪಾಲಕೋಡಿನ ನೆಲೆ ಸುಮಾರು 12 ಡಿಗ್ರಿ 18 ನಿಮಿಷ ಉತ್ತರ ಅಕ್ಷಾಂಶ, 78 ಡಿಗ್ರಿ 4 ನಿಮಿಷ ಪೂರ್ವ ರೇಖಾಂಶ. ಈ 78ನೆಯ ರೇಖಾಂಶವನ್ನು ಅನುಸರಿಸಿಯೇ ಕನ್ಯಾಕುಮಾರಿಯಿಂದ ಹಿಮಾಲಯದ ತಪ್ಪಲಿನವರೆಗೆ ಭಾರತದ ಮಹಾ ಭೂಮಾಪನದ ಮುಖ್ಯ ಸರಣಿ ಸಾಗಿತು. ವಿಲಿಯಂ ಲ್ಯಾಂಬ್ಟನ್ ಅದಕ್ಕಾಗಿ 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಮೊದಲ ಆಧಾರರೇಖೆಯ ಅಳತೆಯನ್ನು ಆರಂಭಿಸಿದ. ಕೋನಗಳನ್ನು ಅಳೆಯುವ ಅವನ ಥಿಯೋಡಲೈಟ್ ಯಂತ್ರದ ತೂಕ ಸುಮಾರು ಅರ್ಧ ಟನ್. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಅದು ಗೋಡೆಗೆ ಬಡಿದು ಜಖಂಗೊಂಡಿತು. ಲ್ಯಾಂಬ್ಟನ್ ಬಾಗಿಲು ಹಾಕಿಕೊಂಡು ಕುಳಿತು, ವಾರಗಟ್ಟಲೆ ಶ್ರಮಿಸಿ, ತನ್ನ ಕೈಯಿಂದಲೇ ಅದನ್ನು ಸರಿಪಡಿಸಿದ. ಸಲಕರಣೆಯ ವಿಚಾರಕ್ಕೆ ಬರುವ ಮುನ್ನ ಇದನ್ನು ಹೇಳಲು ಕಾರಣವಿದೆ. ಅರ್ಧ ಟನ್ ತೂಕದ ಯಂತ್ರದ ಕೆಲಸವನ್ನು ಇಂದು ಅಂಗೈಯಗಲದ ಮೊಬೈಲ್ ಮಾಡುತ್ತದೆ. ಆದರೆ ಸಲಕರಣೆ ಕೆಟ್ಟಾಗ ಕೈಕಟ್ಟಿ ಕೂರದ ತಾಳ್ಮೆ ಅಂಗಡಿಯಲ್ಲಿ ಸಿಗುವುದಿಲ್ಲ.

ಹಾಗಾದರೆ ಮಗುವಿಗೆ ಏನೇನು ಬೇಕು? ಪೋಷಕರು ಮೊದಲು ಕೇಳುವುದು ಯಾವ ಯಂತ್ರ ಕೊಳ್ಳಬೇಕು ಎಂದು. ನನ್ನ ಪಟ್ಟಿಯಲ್ಲಿ ಯಂತ್ರಕ್ಕೆ ಕೊನೆಯ ಸ್ಥಾನ.

ಮೊದಲನೆಯದು ಪಾದರಕ್ಷೆ. ಜಾಲಿಮುಳ್ಳಿನ ನೆಲದಲ್ಲಿ ಚಪ್ಪಲಿ ಸಾಲದು. ಬೆರಳು, ಹಿಮ್ಮಡಿ ಮುಚ್ಚುವ, ಅಡಿ ಗಟ್ಟಿಯಾದ ಬೂಟು ಬೇಕು. ಶಾಲೆಯ ಕ್ಯಾನ್ವಾಸ್ ಬೂಟಿನ ಅಡಿ ಸವೆದಿರದಿದ್ದರೆ ಅದೇ ಸಾಕು. ಎರಡನೆಯದು ಉದ್ದ ತೋಳಿನ ಅಂಗಿ, ತಲೆಗೆ ಟೋಪಿ ಅಥವಾ ವಲ್ಲಿ, ತಲೆಗೊಂದು ಲೀಟರಿನಂತೆ ನೀರು. ಮೂರನೆಯದು ಎದೆಯೆತ್ತರದ ಕೋಲು. ಕಲ್ಲಿನ ಸಂದಿಗೆ, ಪೊದೆಯ ಬುಡಕ್ಕೆ, ಮರದ ಪೊಟರೆಗೆ ಮೊದಲು ಕೋಲು ಹೋಗಬೇಕು, ಆಮೇಲೆ ಕಣ್ಣು, ಕಟ್ಟಕಡೆಗೆ ಕೈ. ಕೊಳಕುಮಂಡಲ ಇರುವ ನಾಡಿನಲ್ಲಿ ಈ ಕ್ರಮವನ್ನು ಮೀರಲಾಗದು. ನಾಲ್ಕನೆಯದು ಪುಸ್ತಕ ಮತ್ತು ಸೀಸದ ಕಡ್ಡಿ. ತೇವ ತಗುಲಿದರೆ ಪೆನ್ನಿನ ಶಾಯಿ ಹರಡುತ್ತದೆ; ಪೆನ್ಸಿಲಿನ ಬರಹ ಉಳಿಯುತ್ತದೆ.

ಇನ್ನು ಯಂತ್ರ. ಆರಂಭಕ್ಕೆ ಮನೆಯಲ್ಲಿರುವ ಮೊಬೈಲ್ ಧಾರಾಳವಾಗಿ ಸಾಕು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುತ್ತವೆ. ಪ್ರತಿಯೊಂದೂ ತನ್ನ ಗಡಿಯಾರದ ಸಮಯವನ್ನು ಬಿತ್ತರಿಸುತ್ತದೆ; ಸಂಕೇತ ತಲುಪಲು ಹಿಡಿದ ಕಾಲದಿಂದ ಮೊಬೈಲು ದೂರವನ್ನು ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳು ಕಂಡರೆ ನೆಲೆ ದೊರೆಯುತ್ತದೆ. ನಮ್ಮ ದೇಶದ್ದೇ ಆದ ನಾವಿಕ್ ವ್ಯವಸ್ಥೆಯ ಸಂಕೇತವನ್ನೂ ಈಚಿನ ಅನೇಕ ಮೊಬೈಲುಗಳು ಗ್ರಹಿಸುತ್ತವೆ. ಇದಕ್ಕೆ ಸಿಮ್ ಕಾರ್ಡಿನ ನೆಟ್‌ವರ್ಕ್ ಬೇಕಿಲ್ಲ. ನಕ್ಷೆಗೆ ಮಾತ್ರ ಬೇಕು. ಆದ್ದರಿಂದ ಮನೆಯಲ್ಲಿಯೇ ನಕ್ಷೆಯನ್ನು ಇಳಿಸಿಕೊಳ್ಳಬೇಕು, ಬ್ಯಾಟರಿ ತುಂಬಿಸಿಕೊಳ್ಳಬೇಕು. ಬಯಲಿನಲ್ಲಿ ಒಳ್ಳೆಯ ಮೊಬೈಲ್ ಐದಾರು ಮೀಟರುಗಳಷ್ಟು ನಿಖರತೆ ಕೊಡುತ್ತದೆ. ಮರಗಳ ದಟ್ಟಣೆಯಲ್ಲಿ, ಬಂಡೆಗಳ ಮಗ್ಗುಲಿನಲ್ಲಿ ಅಷ್ಟು ಸಿಗದು. ಹೀಗಾಗಿ ಕೊನೆಯ ಹತ್ತು ಮೀಟರಿನಲ್ಲಿ ಮೊಬೈಲನ್ನು ಜೇಬಿಗೆ ಹಾಕಿ ಕಣ್ಣನ್ನು ತೆರೆಯಬೇಕು. ಈ ಹವ್ಯಾಸ ಮಗುವಿಗೆ ಕಲಿಸುವ ದೊಡ್ಡ ಪಾಠ ಆ ಹತ್ತು ಮೀಟರಿನಲ್ಲಿದೆ.

ಕೈಯಲ್ಲಿ ಹಿಡಿಯುವ ಪ್ರತ್ಯೇಕ ಜಿಪಿಎಸ್ ಸಾಧನಗಳೂ ದೊರೆಯುತ್ತವೆ. ಗಾರ್ಮಿನ್ ಕಂಪನಿಯ ಇಟ್ರೆಕ್ಸ್ ಮಾದರಿ ಹೆಸರಾದದ್ದು. ಎರಡು ಪೆನ್ಸಿಲ್ ಸೆಲ್ಲಿನಲ್ಲಿ ಇಪ್ಪತ್ತು ಗಂಟೆಗೂ ಹೆಚ್ಚು ನಡೆಯುತ್ತದೆ, ಬಿದ್ದರೂ ನೆನೆದರೂ ತಡೆದುಕೊಳ್ಳುತ್ತದೆ. ವರ್ಷವಿಡೀ ನಡೆದು, ಹವ್ಯಾಸ ನೆಲೆನಿಂತ ಮೇಲೆ ಅದರ ಯೋಚನೆ ಮಾಡಬಹುದು. ಕೊಳ್ಳುವಾಗ ಮೂರು ಪ್ರಶ್ನೆ ಕೇಳಿರಿ: ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸೆಲ್ ಹಾಕಬಹುದೇ? ನಿಂತಲ್ಲಿಯೇ ದಿಕ್ಕು ತೋರುವ ದಿಕ್ಸೂಚಿ ಒಳಗಿದೆಯೇ, ಅಥವಾ ನಡೆದಾಗ ಮಾತ್ರ ತೋರುತ್ತದೆಯೇ? ನೀರು ತಡೆಯುವ ಶಕ್ತಿ ಎಷ್ಟು? ‘ಐಪಿ 67’ ಎಂದು ಬರೆದಿದ್ದರೆ ದೂಳು ಒಳಹೋಗದು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದು ಎಂದರ್ಥ. ಒಂದು ಎಚ್ಚರಿಕೆಯನ್ನು ಹೊರದೇಶದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಹೇಳುತ್ತೇನೆ. ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸಾಧನವನ್ನು, ಉಪಗ್ರಹ ಫೋನನ್ನು, ಅನುಮತಿಯಿಲ್ಲದೆ ಭಾರತಕ್ಕೆ ತರುವುದು ಅಪರಾಧ. ಹಾಗೆ ತಂದ ಪ್ರವಾಸಿಗರು ವಿಮಾನ ನಿಲ್ದಾಣಗಳಲ್ಲಿಯೇ ಬಂಧನಕ್ಕೊಳಗಾದದ್ದುಂಟು. ಅಣ್ಣನ ಮಗನಿಗೆ ಉಡುಗೊರೆ ತರುವಾಗ ಇದನ್ನು ನೆನಪಿಡಿ. ಸಂಕೇತವನ್ನು ಗ್ರಹಿಸುವ ಸಾಧನ ಬೇರೆ, ಕಳುಹಿಸುವ ಸಾಧನ ಬೇರೆ.

ಸಲಕರಣೆ ಎಷ್ಟೇ ಬೆಲೆಯದಾದರೂ ಅಂಕಿಯನ್ನು ಓದಲು ಬಾರದಿದ್ದರೆ ವ್ಯರ್ಥ. ಜಿಯೋಕ್ಯಾಶಿಂಗಿನಲ್ಲಿ ನೆಲೆಯನ್ನು ಡಿಗ್ರಿ ಮತ್ತು ದಶಮಾಂಶ ಸಹಿತವಾದ ನಿಮಿಷಗಳಲ್ಲಿ ಬರೆಯುತ್ತಾರೆ. 12 ಡಿಗ್ರಿ 18.5 ನಿಮಿಷ ಎಂಬುದನ್ನು 12.185 ಡಿಗ್ರಿ ಎಂದು ಮೊಬೈಲಿಗೆ ಕೊಟ್ಟರೆ ಏನಾಗುತ್ತದೆ? ಡಿಗ್ರಿಗೆ 60 ನಿಮಿಷ. ಆದ್ದರಿಂದ ಸರಿಯಾದ ಉತ್ತರ 12.3083. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್. ಈ ಒಂದು ತಪ್ಪಿನಿಂದ ನೀವು 13 ಕಿಲೋಮೀಟರಿಗೂ ಹೆಚ್ಚು ದಕ್ಷಿಣಕ್ಕೆ ಹೋಗಿ ನಿಲ್ಲುತ್ತೀರಿ. ದಶಮಾಂಶದ ಲೆಕ್ಕ ಕರಿಹಲಗೆಯ ಮೇಲೆ ತಪ್ಪಿದರೆ ಮಗುವಿಗೆ ಒಂದು ಅಂಕ ಹೋಗುತ್ತದೆ; ಬಿಸಿಲಿನಲ್ಲಿ ತಪ್ಪಿದರೆ ಅದು ಜನ್ಮದಲ್ಲಿ ಮರೆಯುವುದಿಲ್ಲ.

ಈಗ ಮುಖ್ಯವಾದ ಪ್ರಶ್ನೆಗೆ ಬರುತ್ತೇನೆ. ಹೊರದೇಶದ ಈ ಆಟವನ್ನು ಹಾಗೆಯೇ ತಂದು ನಮ್ಮ ನೆಲದಲ್ಲಿ ಆಡಬಹುದೇ? ಆಡಲಾಗದೆಂಬುದೇ ನನ್ನ ಅಭಿಪ್ರಾಯ. ಇಲ್ಲಿಗೆ ತಕ್ಕಂತೆ ಅದನ್ನು ಮಾರ್ಪಡಿಸಿಕೊಳ್ಳಬೇಕು.

ಮೊದಲ ಕಾರಣ ಡಬ್ಬ. ರೈಲು ನಿಲ್ದಾಣ, ಸಂತೆ, ಗುಡಿ, ಕಚೇರಿಗಳ ಹತ್ತಿರ ಬಚ್ಚಿಟ್ಟ ಡಬ್ಬವನ್ನು ಕಂಡವರು ಬಾಂಬೆಂದು ಬೆದರುವುದು ಸಹಜ. 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಪಟ್ಟಣದಲ್ಲಿ ಇಂತಹ ಆಟದ ಡಬ್ಬವನ್ನೇ ಬಾಂಬ್ ನಿಷ್ಕ್ರಿಯ ದಳದವರು ಬಂದು ಸ್ಫೋಟಿಸಬೇಕಾಯಿತು. ಎರಡನೆಯದು ಕಾಡು. ನಮ್ಮ ಪಶ್ಚಿಮಕ್ಕಿರುವ ಅರಣ್ಯ ಆನೆಗಳ ನಾಡು. ಅಲ್ಲಿ 2014ರಲ್ಲಿ ಕಾವೇರಿ ಉತ್ತರ ವನ್ಯಧಾಮ ಘೋಷಿತವಾಗಿದೆ. ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಒಳಗೆ ಕಾಲಿಡಬಾರದು. ಮೂರನೆಯದು ಬೇಲಿ. 2023ರ ಮಾರ್ಚ್ ತಿಂಗಳಿನಲ್ಲಿ ಮಾರಂಡಹಳ್ಳಿಯ ಸಮೀಪ ಹೊಲವೊಂದರ ಅಕ್ರಮ ವಿದ್ಯುತ್ ಬೇಲಿ ತಗುಲಿ ಮೂರು ಆನೆಗಳು ಸತ್ತವು. ಎರಡು ಮರಿಗಳು ತಬ್ಬಲಿಯಾದವು. ಆನೆಯನ್ನು ಕೊಲ್ಲುವ ತಂತಿ ಮಗುವನ್ನು ಬಿಟ್ಟೀತೇ? ಆದ್ದರಿಂದ ಹೊಲದ ಒಡೆಯರನ್ನು ಕೇಳದೆ ಬದುವನ್ನು ದಾಟಕೂಡದು. ಹೊತ್ತು ಮುಳುಗುವ ಮೊದಲೇ ಮನೆ ಸೇರಬೇಕು. ಮಕ್ಕಳು ಹಿರಿಯರೊಬ್ಬರ ಜೊತೆಯಿಲ್ಲದೆ ಹೊರಡಬಾರದು. ಕಟ್ಟೆಯಿಲ್ಲದ ಹಳೆಯ ಬಾವಿಗಳ ವಿಚಾರವನ್ನು ತಮಗೆ ನಾನು ಹೇಳಬೇಕಾಗಿಲ್ಲ.

ನಾಲ್ಕನೆಯ ಕಾರಣ ಇವೆಲ್ಲಕ್ಕಿಂತ ಗಂಭೀರ. ನಮ್ಮಲ್ಲಿ ‘ನಿಧಿ’ ಎಂಬ ಶಬ್ದಕ್ಕೆ ಕೆಟ್ಟ ನೆರಳೊಂದಿದೆ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳು ವೀರಗಲ್ಲುಗಳ ಸೀಮೆ. ತಮಿಳಿನಲ್ಲಿ ಅವನ್ನು ನಡುಕಲ್ ಎನ್ನುತ್ತಾರೆ. ಊರಿನ ದನಗಳನ್ನು ಕಾಯಲು ಹೋಗಿ ಮಡಿದವನಿಗೆ, ಹುಲಿಯೊಡನೆ ಹೋರಾಡಿ ಸತ್ತವನಿಗೆ ಊರವರು ನಿಲ್ಲಿಸಿದ ಕಲ್ಲುಗಳವು. ಹಲವು ಕಡೆ ವೇಡಿಯಪ್ಪನ್ ಎಂಬ ಹೆಸರಿನಲ್ಲಿ ಅವಕ್ಕೆ ಇಂದಿಗೂ ಪೂಜೆ ಸಲ್ಲುತ್ತದೆ. ಪೂಜೆಯಿಲ್ಲದ ಕಲ್ಲುಗಳ ಗತಿ ಬೇರೆ: ಕೆಳಗೆ ಹೊನ್ನಿದೆ ಎಂಬ ಭ್ರಮೆಯಿಂದ ರಾತ್ರಿ ಹೊತ್ತು ಅಗೆದು ಉರುಳಿಸುವ ಜನ ಎಲ್ಲ ಸೀಮೆಗಳಲ್ಲಿಯೂ ಇದ್ದಾರೆ. ಹೊನ್ನು ಸಿಗುವುದಿಲ್ಲ, ಸಾವಿರ ವರ್ಷ ನಿಂತಿದ್ದ ಒಬ್ಬ ಮನುಷ್ಯನ ಗುರುತು ಅಳಿಯುತ್ತದೆ. ಮಣ್ಣಿನಡಿ ದೊರೆತ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ಯಾವುದೇ ನಿಕ್ಷೇಪವನ್ನು ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕೆಂದು 1878ರ ಕಾಯಿದೆಯೇ ವಿಧಿಸಿದೆ. ಕಾಯಿದೆಗಿಂತ ಮೊದಲು ಮನಸ್ಸಿಗೆ ಈ ಶಿಸ್ತು ಬರಬೇಕು. ಕಂಡುದನ್ನು ನೋಡಿ, ಬರೆದುಕೊಂಡು, ಕದಲಿಸದೆ ಹಿಂದಿರುಗುವ ಈ ಹವ್ಯಾಸವನ್ನು ಮಕ್ಕಳಿಗೆ ಕಲಿಸಬೇಕೆಂದು ನಾನು ಬಯಸುವುದು ಇದೇ ಕಾರಣಕ್ಕೆ.

ಅದೃಷ್ಟವಶಾತ್ ಈ ಆಟದಲ್ಲಿಯೇ ಡಬ್ಬವಿಲ್ಲದ ಒಂದು ಬಗೆಯಿದೆ. ಅದಕ್ಕೆ ಅರ್ಥ್‌ಕ್ಯಾಶ್ ಎಂದು ಹೆಸರು, 2004ರಲ್ಲಿ ಆರಂಭವಾಯಿತು. ಅಂಕಿಗಳು ನಿಮ್ಮನ್ನು ಒಂದು ಬಂಡೆಗೋ ಜಲಪಾತಕ್ಕೋ ಕರೆದೊಯ್ಯುತ್ತವೆ. ಅಲ್ಲಿ ಕಣ್ಣಾರೆ ನೋಡಿದವರು ಮಾತ್ರ ಉತ್ತರಿಸಬಲ್ಲ ಪ್ರಶ್ನೆಗಳನ್ನು ಕೇಳಲಾಗುತ್ತದೆ. ನಮ್ಮ ನೆಲಕ್ಕೆ ಒಪ್ಪುವುದು ಈ ಬಗೆಯೇ. ಹೊಗೆನಕಲ್ಲಿಗೆ ಹೋದವರೆಲ್ಲ ಮೀನು ತಿಂದು, ತೆಪ್ಪದಲ್ಲಿ ಕುಳಿತು ಬರುತ್ತಾರೆ; ಅಲ್ಲಿನ ಕಾರ್ಬೊನಟೈಟ್ ಶಿಲೆಗಳು 200 ಕೋಟಿ ವರ್ಷಗಳಿಗೂ ಹಳೆಯವೆಂದು ಎಷ್ಟು ಜನ ಬಲ್ಲರು? ಪಂಚಪಳ್ಳಿಯ ಅಣೆಕಟ್ಟೆಯಿಂದ ಹೊರಟ ಚಿನ್ನಾರು ಹೊಗೆನಕಲ್ಲಿನಲ್ಲಿ ಕಾವೇರಿಯನ್ನು ಸೇರುವವರೆಗೆ ಎಷ್ಟು ಬಾರಿ ತಿರುವು ಪಡೆಯುತ್ತದೆ? ತಗಡೂರು ಎಂಬುದು ಧರ್ಮಪುರಿಯ ಹಳೆಯ ಹೆಸರು. ನೊಳಂಬ ಅರಸ ಮಹೇಂದ್ರನ ಕಾಲದಲ್ಲಿ, ಶಕ 815ರಲ್ಲಿ, ಎಂದರೆ ಕ್ರಿ.ಶ. 893ರಲ್ಲಿ, ಅಲ್ಲಿ ಬಸದಿಯೊಂದನ್ನು ಕಟ್ಟಿಸಿದವರ ವಿಷಯವನ್ನು ಕನ್ನಡ ಶಾಸನವೊಂದು ಹೇಳುತ್ತದೆ. ಅವರಲ್ಲಿ ಒಬ್ಬನ ಹೆಸರು ನಿಧಿಯಣ್ಣ, ಇನ್ನೊಬ್ಬ ಚಂಡಿಯಣ್ಣ. ಅವರ ಕಾಲದ ಹೊನ್ನು ಎಲ್ಲಿ ಹೋಯಿತೋ! ಅವರ ಹೆಸರು ಉಳಿದದ್ದು ಯಾರೋ ಅದನ್ನು ಕನ್ನಡದಲ್ಲಿ ಬರೆದಿಟ್ಟ ಕಾರಣಕ್ಕೆ.

ಈ ಮಾತಿನಿಂದ ನನ್ನ ಮನಸ್ಸಿನಲ್ಲಿರುವ ನಿಜವಾದ ವಿಷಯಕ್ಕೆ ಬಂದೆ. ಕಳೆದ ವರ್ಷ ನಮ್ಮ ಶಾಲೆಯ ಆವರಣದಲ್ಲಿಯೇ ಏಳನೆಯ ತರಗತಿಯ ಮಕ್ಕಳಿಗೆ ಈ ಆಟ ಆಡಿಸಿದೆವು. ಒಂದು ಗುಂಪು ಸ್ಟೀಲ್ ಡಬ್ಬವನ್ನು ಇಡಬೇಕು. ಇನ್ನೊಂದು ಗುಂಪಿಗಾಗಿ ಸುಳಿವನ್ನು ಕನ್ನಡದಲ್ಲಿ ಬರೆಯಬೇಕು. ಅಂಕಿಗಳನ್ನು ಮಕ್ಕಳು ನಮಗಿಂತ ಬೇಗ ಕಲಿತರು. ತೊಡಕು ಬಂದದ್ದು ಮಾತಿನಲ್ಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ, ಎರಡನ್ನೂ ಚೆನ್ನಾಗಿ ಬಲ್ಲ ಮಕ್ಕಳು ಅವರು. ಆದರೂ ಸುಳಿವುಗಳಲ್ಲಿ ‘ಆ ಕಡೆ’, ‘ಈ ಕಡೆ’, ‘ಲೆಫ್ಟ್’, ‘ರೈಟ್’ ಬಿಟ್ಟರೆ ಬೇರೆ ಮಾತಿರಲಿಲ್ಲ. ಮನೆಗೆ ಹೋಗಿ ಅಜ್ಜಿ ತಾತಂದಿರನ್ನು ಕೇಳಿ ಬನ್ನಿ ಎಂದೆವು. ಮರುದಿನ ಮೂಡಲು, ಪಡುವಲು, ತೆಂಕಲು, ಬಡಗಲು ಬಂದವು. ದಿಣ್ಣೆ, ಒಡ್ಡು, ತೂಬು, ಬದು, ದೊಣೆ, ತೋಪು ಬಂದವು. ತಮ್ಮ ಹೊಲಕ್ಕೆ ಒಂದು ಹೆಸರಿದೆಯೆಂದು ಒಬ್ಬ ಹುಡುಗಿಗೆ ಅಂದೇ ಗೊತ್ತಾಯಿತು. ‘ಬಡಗಲ ಗೋಡೆಯ ತೂಬಿನಿಂದ ಏಳು ಹೆಜ್ಜೆ ಮೂಡಲಿಗೆ’ ಎಂದು ಬರೆದ ಸುಳಿವನ್ನು ಹಿಡಿದು ಹೋದ ಗುಂಪು ತಡಕಾಡದೆ ಡಬ್ಬವನ್ನು ತಲುಪಿತು. ನಿಖರವಾದ ಅಂಕಿ ಎಷ್ಟು ಮುಖ್ಯವೋ ನಿಖರವಾದ ಶಬ್ದವೂ ಅಷ್ಟೇ ಮುಖ್ಯವೆಂದು ಆ ಮಕ್ಕಳಿಗೆ ನಾವು ವ್ಯಾಕರಣದ ಪಾಠ ಮಾಡಬೇಕಾಗಲಿಲ್ಲ.

ನಮ್ಮ ಸುತ್ತಲಿನ ಊರುಗಳ ಹೆಸರನ್ನೇ ನೋಡಿ: ಮಾರಂಡಹಳ್ಳಿ, ಬೇವುಹಳ್ಳಿ, ಜಿಟ್ಟಾಂಡಹಳ್ಳಿ. ತಮಿಳು ಬರಹದಲ್ಲಿ ‘ಹಳ್ಳಿ’ ಎಂಬುದು ‘ಅಳ್ಳಿ’ಯಾಗುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಒಂದೊಂದು ಭಾಷೆಗೆ ಅದರದೇ ನಾಲಿಗೆಯುಂಟು. ತಮಿಳು ನಮಗೆ ಅನ್ನವನ್ನೂ ನೆರೆಯನ್ನೂ ಕೊಟ್ಟ ಭಾಷೆ. ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಕಲಿಯಲೇಬೇಕು. ಆದರೆ ‘ಹೊಗೆ’ಯ ‘ಕಲ್ಲು’ ಹೊಗೆನಕಲ್ ಆದದ್ದನ್ನು ಬಲ್ಲ ಮಗುವಿಗೆ ಆ ಜಲಪಾತ ಎರಡು ಸಲ ಕಾಣುತ್ತದೆ: ಒಮ್ಮೆ ಕಣ್ಣಿಗೆ, ಒಮ್ಮೆ ಮಾತಿಗೆ. ದೊಡ್ಡ ಊರಿನ ಹೆಸರು ನಕ್ಷೆಯಲ್ಲಿ ಉಳಿಯುತ್ತದೆ. ಹೊಲದ, ಹಳ್ಳದ, ಬಂಡೆಯ, ಒಂಟಿ ಮರದ ಹೆಸರು ಯಾವ ನಕ್ಷೆಯಲ್ಲಿಯೂ ಇಲ್ಲ. ಅವು ಇರುವುದು ಎಪ್ಪತ್ತು ಎಂಬತ್ತು ದಾಟಿದವರ ನಾಲಿಗೆಯಲ್ಲಿ. ಅವರೊಡನೆ ಅವೂ ಹೋಗುತ್ತವೆ, ಹೋಗುತ್ತಿವೆ. ಯಾರೂ ಅಗೆಯದೆ, ಯಾರೂ ಕದಿಯದೆ ಕಳೆದುಹೋಗುವ ನಿಧಿಯೆಂದರೆ ಇದು.

ಆದ್ದರಿಂದ ಶಾಲೆಯ ಎರಡನೆಯ ಶತಮಾನದ ಹೊಸ್ತಿಲಲ್ಲಿ ತಮ್ಮೆಲ್ಲರಲ್ಲಿ ಒಂದು ಬೇಡಿಕೆ. ಮಗುವಿಗೆ ಹೊಸ ಯಂತ್ರ ಕೊಡಿಸಬೇಡಿ. ಒಂದು ಭಾನುವಾರದ ಬೆಳಗನ್ನು ಕೊಡಿ. ಅಜ್ಜಿಯನ್ನೋ ತಾತನನ್ನೋ ಜೊತೆಗೆ ಕರೆದುಕೊಂಡು, ನಡೆಯಲಾಗದವರಾದರೆ ಜಗಲಿಯಲ್ಲಿಯೇ ಕೂರಿಸಿ ಕೇಳಿಕೊಂಡು, ತಮ್ಮ ಊರಿನ ಒಂದೇ ಒಂದು ನೆಲೆಯನ್ನು ಮಗುವಿನೊಡನೆ ಹುಡುಕಿ ಬನ್ನಿ. ಅದರ ಹೆಸರು, ಅಕ್ಷಾಂಶ ರೇಖಾಂಶ, ನೋಡಿದ ದಿನ, ಹೇಳಿದವರ ಹೆಸರು, ನಾಲ್ಕು ಸಾಲಿನ ವಿವರಣೆ, ಇಷ್ಟನ್ನು ಮಗುವಿನ ಕೈಯಿಂದಲೇ ಕನ್ನಡದಲ್ಲಿ ಬರೆಸಿ ಶಾಲೆಗೆ ಕಳುಹಿಸಿ. ವೀರಗಲ್ಲೋ ಗುಡಿಯೋ ಆಗಿದ್ದರೆ ನೆಲೆಯ ಅಂಕಿಯನ್ನು ಬಹಿರಂಗಪಡಿಸದೆ ಶಾಲೆಯ ಕಪಾಟಿನಲ್ಲಿ ಭದ್ರವಾಗಿಡುತ್ತೇವೆ. ಅಗೆಯುವವರಿಗೆ ನಾವೇ ದಾರಿ ತೋರಿದಂತಾಗಬಾರದು. ಗ್ರಂಥಾಲಯದಲ್ಲಿ ಇದಕ್ಕಾಗಿ ದಪ್ಪ ರಟ್ಟಿನ ದಾಖಲೆ ಪುಸ್ತಕವೊಂದನ್ನು ತೆರೆದಿದ್ದೇವೆ. ಮೊದಲ ಕೆಲವು ಪುಟಗಳನ್ನು ಏಳನೆಯ ತರಗತಿಯ ಮಕ್ಕಳು ಪೆನ್ಸಿಲಿನಲ್ಲಿ ತುಂಬಿಸಿದ್ದಾರೆ. ಉಳಿದ ಪುಟಗಳು ಖಾಲಿಯಿವೆ. ಸಭೆ ಮುಗಿದ ಮೇಲೆ ನೋಡಿ ಹೋಗಬೇಕೆಂದು ಕೋರುತ್ತೇನೆ.